ಛೂ ಎಂಬ ಒಂದೇ ಪಾಠ

ನಾಯಿಯನ್ನು ಯಾವುದರ ಮೇಲಾದರೂ ಬಿಡುವುದಕ್ಕೆ ನಮ್ಮಲ್ಲಿ ಒಂದಕ್ಷರದ ಮಾತಿದೆ: ಛೂ. ಮನುಷ್ಯರಿಗೂ ಅದು ಸಲ್ಲುತ್ತದೆ. ಪುಢಾರಿ ತನ್ನ ಹಿಂಬಾಲಕರನ್ನು ಛೂ ಬಿಡುತ್ತಾನೆ, ಸಾಹುಕಾರ ವಕೀಲನನ್ನು ಛೂ ಬಿಡುತ್ತಾನೆ. ಆದರೆ ಬಿಡುವ ಮುಂಚೆ ನಾಯಿಯನ್ನು ಸುಮ್ಮನೆ ಕೂರಿಸುವುದಕ್ಕೆ, ಕಣ್ಣೆದುರೇ ಏನೋ ಬಿದ್ದರೂ ಅಲುಗದೆ ಕಾಯಿಸುವುದಕ್ಕೆ ಅಷ್ಟೇ ಚಿಕ್ಕ, ಅಷ್ಟೇ ಬಳಕೆಯ ಮಾತು ನನಗಂತೂ ಸಿಕ್ಕಿಲ್ಲ. ಬೇಕಾದಾಗ 'ಸ್ಟೇ' ಎನ್ನುತ್ತೇವೆ. ಕನ್ನಡ ಬಿಟ್ಟು ಬೇರೊಂದು ಮಾತು ಬಾರದ ನಮ್ಮ ಕಡೆಯ ತೋಟದ ರೈಟರುಗಳೂ ನಾಯಿಯ ಜೊತೆ ಮಾತ್ರ ಇಂಗ್ಲಿಷ್ ಆಡುತ್ತಾರೆ. ನಾಯಿಗೆ ಅದು ಅರ್ಥವಾಗಿರುವುದಿಲ್ಲ, ಅವರಿಗೂ ಅಷ್ಟಕ್ಕಷ್ಟೆ.

ಪದವಿಲ್ಲದ ಕಡೆ ಅಭ್ಯಾಸವೂ ಇರುವುದಿಲ್ಲ. ಜಾವಳಿಯಿಂದ ಕೊಟ್ಟಿಗೆಹಾರದವರೆಗೆ, ಆಚೆ ಕಳಸದವರೆಗೆ, ನೀವು ಯಾವ ಕಾಫಿ ತೋಟದ ಮನೆಗೆ ಹೋದರೂ ಅಂಗಳದಲ್ಲಿ ಒಂದು ಲ್ಯಾಬ್ರಡಾರ್ ಮರಿ ಎದುರಾಗುವ ಸಾಧ್ಯತೆ ಹೆಚ್ಚು. ಕೂತ ಐದು ನಿಮಿಷಕ್ಕೆ ಮನೆಯವರು ಅದರ ಪ್ರದರ್ಶನ ಶುರು ಮಾಡುತ್ತಾರೆ. ಯಾರೋ ಚೆಂಡು ಕೈಗೆತ್ತಿಕೊಳ್ಳುತ್ತಾರೆ. ಮರಿ ಬೊಗಳುತ್ತದೆ, ಎದೆಗೆ ಹಾರುತ್ತದೆ, ಪಂಚೆ ಹರಿಯುತ್ತದೆ. ಚೆಂಡು ಕೈ ಬಿಡುವ ಮೊದಲೇ ಅರ್ಧ ಅಂಗಳ ದಾಟಿರುತ್ತದೆ. ಹಿಡಿದ ಚೆಂಡನ್ನು ತರುವುದಿಲ್ಲ; ಸಪೋಟ ಮರದ ಸುತ್ತ ಎರಡು ಸುತ್ತು ಹಾಕಿ, ಹತ್ತಿರ ಬಂದಂತೆ ಮಾಡಿ, ಕೈ ಚಾಚಿದರೆ ಮತ್ತೆ ಓಡುತ್ತದೆ. ಮಕ್ಕಳು ಅಟ್ಟಿಸಿಕೊಂಡು ಹೋಗುತ್ತವೆ. ಕಾಫಿ ಬರುತ್ತದೆ. "ಎಂಥ ಚುರುಕು ನೋಡಿ ಮಾರಾಯ್ರೆ" ಎಂದು ಯಜಮಾನರು ಹೆಮ್ಮೆಯಿಂದ ಬೀಗುತ್ತಾರೆ. ನಾವೂ ಹೌದು ಹೌದು ಎನ್ನುತ್ತೇವೆ.

ನನ್ನ ತಕರಾರು ಇರುವುದು ಈ ಹೌದಿನ ಬಗ್ಗೆ. ಆ ಮರಿಯಲ್ಲಿ ನಾವು ಮೆಚ್ಚಿದ್ದು ಅದರ ಗುಣವನ್ನಲ್ಲ, ಅದರ ಕೇಡನ್ನು. ಅದು ಹುಟ್ಟಿನಿಂದ ಬಂದ ಕೇಡೂ ಅಲ್ಲ. ದಿನಕ್ಕೆ ನೂರು ಸಲ ಚೆಂಡೆಸೆದು ನಾವೇ ಮೈಗೂಡಿಸಿದ್ದು. ಈ ಬೆಟ್ಟಗಳಲ್ಲಿ ಅದಕ್ಕೆ ತೆರುವ ಬೆಲೆ ಹರಿದ ಪಂಚೆಗಿಂತ ಬಹಳ ದೊಡ್ಡದು.

ಎಡವಟ್ಟು ಎಲ್ಲಿಂದ ಶುರುವಾಯಿತು ಎಂದು ನೋಡಬೇಕಾದರೆ ಎರಡು ಬಗೆಯ ಬೇಟೆಯನ್ನು ಬೇರೆಬೇರೆಯಾಗಿ ಇಟ್ಟು ನೋಡಬೇಕು. ಮಲೆನಾಡಿನ ಹಳೆಯ ಶಿಕಾರಿ ಸೋವಿನದು. ಕೋವಿಯವರು ಬಿಲ್ಲಿಗೆ ಕೂರುತ್ತಾರೆ; ಉಳಿದವರು ನಾಯಿಗಳ ಜೊತೆ ಹಳುವಿಗೆ ನುಗ್ಗಿ, ಕೂಗಿ, ಗಲಾಟೆ ಎಬ್ಬಿಸಿ ಹಂದಿಯನ್ನೋ ಬರ್ಕವನ್ನೋ ಕೋವಿಯ ಕಡೆಗೆ ಅಟ್ಟುತ್ತಾರೆ. ಅಲ್ಲಿ ನಾಯಿಯ ಕೆಲಸವೆಲ್ಲ ಗುಂಡು ಹಾರುವ ಮೊದಲಿನದು. ಬೊಗಳಬೇಕು, ನುಗ್ಗಬೇಕು, ಹಂದಿ ತಿರುಗಿ ನಿಂತರೆ ತಡೆದು ನಿಲ್ಲಿಸಬೇಕು. ಮೈಮೇಲೆ ಎಚ್ಚರವಿಲ್ಲದ ನಾಯಿಯೇ ಅಲ್ಲಿ ಶೂರ. ಉತ್ತರ ಕರ್ನಾಟಕದ ಮುಧೋಳದ ನಾಯಿಯದು ಇನ್ನೊಂದು ಬಗೆ. ಬಯಲಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಜಾತಿ. ಅದಕ್ಕೂ ಯಾರೂ ಕಾಯುವುದನ್ನು ಕಲಿಸಲಿಲ್ಲ, ಕಲಿಸುವ ಅಗತ್ಯವೂ ಇರಲಿಲ್ಲ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳ ಕಸುಬು ಇದಕ್ಕೆ ತಿರುಗಾಮುರುಗಾ. ಲ್ಯಾಬ್ರಡಾರ್‌ನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಮೀನುಗಾರರ ನಾಯಿಗಳು. ಬಲೆಯಿಂದ ಜಾರಿದ ಮೀನನ್ನೂ ನೀರಲ್ಲಿ ತೇಲುವ ಹಗ್ಗವನ್ನೂ ಬಾಯಲ್ಲಿ ಹಿಡಿದು ದೋಣಿಗೆ ತರುವುದು ಅವುಗಳ ಉದ್ಯೋಗವಾಗಿತ್ತು. ಬ್ರಿಟನ್ನಿನ ಜಮೀನ್ದಾರರು ಅವನ್ನು ತರಿಸಿಕೊಂಡು ಕೋವಿಯ ಜೊತೆಗಾರರನ್ನಾಗಿ ಮಾಡಿದರು. ಅಲ್ಲಿನ ಕೆನಲ್ ಕ್ಲಬ್ಬು ಲ್ಯಾಬ್ರಡಾರನ್ನು ಪ್ರತ್ಯೇಕ ತಳಿ ಎಂದು ಒಪ್ಪಿದ್ದು 1903ರಲ್ಲಿ. ಈ ಕೋವಿನಾಯಿಯ ಕೆಲಸ ಶುರುವಾಗುವುದೇ ಗುಂಡು ಹಾರಿದ ಮೇಲೆ. ಅದುವರೆಗೆ ಒಡೆಯನ ಕಾಲ ಬಳಿ ಉಸಿರು ಹಿಡಿದು ಕೂತಿರಬೇಕು. ಹಕ್ಕಿ ಬಿದ್ದ ಜಾಗವನ್ನು ಕಣ್ಣಲ್ಲೇ ಗುರುತು ಮಾಡಿಕೊಳ್ಳಬೇಕು. ಒಂದಲ್ಲ, ಮೂರು ಬಿದ್ದರೆ ಮೂರನ್ನೂ ನೆನಪಿಡಬೇಕು. ಹೆಸರು ಹಿಡಿದು ಕಳಿಸಿದಾಗ ಮಾತ್ರ ಹೋಗಬೇಕು. ಹೋಗಿ ತಂದದ್ದನ್ನು ಹಲ್ಲಿನ ಗುರುತೂ ಬೀಳದ ಹಾಗೆ ಕೈಗೆ ಕೊಡಬೇಕು. ಮುಂಚೆಯೇ ಓಡಿದ ನಾಯಿ ಎರಡನೆಯ ಗುಂಡಿಗೆ ತಾನೇ ಗುರಿಯಾದೀತು. ಸಾಲಿನಲ್ಲಿರುವ ಮಿಕ್ಕ ಹಕ್ಕಿಗಳನ್ನೆಲ್ಲ ಎಬ್ಬಿಸಿ ಓಡಿಸೀತು. ಅಂಥದ್ದನ್ನು ಅವರ ಪಂದ್ಯಗಳಲ್ಲಿ ಆ ಕ್ಷಣವೇ ಹೊರಗೆ ಹಾಕುತ್ತಾರೆ.

ಈ ನಾಯಿಗಳು ನಮ್ಮ ಕಡೆಗೆ ಬಂದದ್ದು ದೊರೆಗಳ ಬಂಗಲೆಗಳ ದಾರಿಯಲ್ಲಿ. ಪಕ್ಕದ ಮಂಜರಾಬಾದಿನಲ್ಲಿ ತೋಟ ಮಾಡಿದ ಆರ್.ಎಚ್. ಎಲಿಯಟ್ 1894ರಲ್ಲಿ ಬರೆದ ಮೈಸೂರು ಸೀಮೆಯ ಪುಸ್ತಕದ ಹೆಸರಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರನ್ನೂ ಪೋಣಿಸಿಟ್ಟಿದ್ದಾನೆ. ಆ ಕಾಲದ ಪ್ಲಾಂಟರನಿಗೆ ಅವು ಬೇರೆಬೇರೆಯಾಗಿರಲಿಲ್ಲ. ದೊರೆಗಳು ಹೋದರು, ಬಂಗಲೆ, ಕ್ಲಬ್ಬು, ನಾಯಿ ಉಳಿದವು. ಬಂಗಲೆಯನ್ನು ನಡೆಸುವುದು ಹೇಗೆಂದು ನಾವು ಕಲಿತೆವು, ಕ್ಲಬ್ಬನ್ನು ನಡೆಸುವುದನ್ನಂತೂ ಅವರಿಗಿಂತ ಚೆನ್ನಾಗಿಯೇ ಕಲಿತೆವು. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಜಾತಿ ಅವರದು, ಪಾಠ ಸೋವಿನದು ಎಂಬಂತಾಯಿತು. ಕಾಯುವುದಕ್ಕೆಂದೇ ನೂರೈವತ್ತು ವರ್ಷ ಆರಿಸಿ ಬೆಳೆಸಿದ ಪ್ರಾಣಿಗೆ ನಾವು ಕಲಿಸುತ್ತಿರುವುದು ಛೂ ಒಂದನ್ನೇ.

ಈ ಪತ್ರಿಕೆಯ ಓದುಗರಿಗೆ ಇಲ್ಲಿ ತೇಜಸ್ವಿಯವರ ಕಿವಿ ನೆನಪಾಗದೇ ಇರುವುದಿಲ್ಲ. 'ಕರ್ವಾಲೋ'ದಲ್ಲಿ (1980) ಬರುವ, 'ಪರಿಸರದ ಕತೆ'ಯಲ್ಲಿ (1991) ಮತ್ತೆ ಬರುವ ಆ ನಾಯಿಯನ್ನು ಕನ್ನಡದ ಹುಡುಗ ಹುಡುಗಿಯರು ತಮ್ಮ ಮನೆಯದೆಂಬಂತೆ ಪ್ರೀತಿಸಿದ್ದಾರೆ. ಮೂಡಿಗೆರೆಗೆ ಬಂದವರು ಕಾಡು ನೋಡುವುದಕ್ಕಿಂತ ಹೆಚ್ಚಾಗಿ ಆ ಪುಸ್ತಕಗಳ ಜಾಗ ಹುಡುಕಿಕೊಂಡು ಅಲೆಯುವುದನ್ನು ನಾನು ನೋಡಿದ್ದೇನೆ. ಅಂಥವರಲ್ಲಿ ಕೆಲವರು ನಮ್ಮ ಮನೆಗೂ ಬಂದದ್ದುಂಟು. ನಾನು ನಾಯಿಯನ್ನು ಕೂರಿಸಿ ಕಾಯಿಸುವುದನ್ನು ಕಂಡು ಒಬ್ಬ ವಿದ್ಯಾರ್ಥಿಗೆ ಬೇಸರವಾಯಿತು. "ಪ್ರಕೃತಿಯಲ್ಲಿ ಹೇಗಿರಬೇಕೋ ಹಾಗೆ ಬಿಡಬಾರದಾ ಸರ್? ಕಿವಿ ಹೀಗಿತ್ತಾ?" ಎಂದ. ಕಿವಿ ಸ್ಪ್ಯಾನಿಯಲ್ ಎನ್ನುವುದು ಅವನಿಗೆ ಗೊತ್ತಿತ್ತು. ಸ್ಪ್ಯಾನಿಯಲ್ ಎಂದರೆ ಪೊದೆಯಿಂದ ಹಕ್ಕಿ ಎಬ್ಬಿಸಿ, ಬಿದ್ದದ್ದನ್ನು ತಂದುಕೊಡುವುದಕ್ಕೆ ತಲೆಮಾರುಗಟ್ಟಲೆ ತಿದ್ದಿದ ಜಾತಿ ಎನ್ನುವುದು ಗೊತ್ತಿರಲಿಲ್ಲ. ಕಾಕರ್ ಸ್ಪ್ಯಾನಿಯಲ್ ಎಂಬ ಹೆಸರೇ ವುಡ್‌ಕಾಕ್ ಎಂಬ ಹಕ್ಕಿಯ ಶಿಕಾರಿಯಿಂದ ಬಂದದ್ದು. ಅದರಲ್ಲಿ 'ಪ್ರಕೃತಿ' ಎಷ್ಟು, ಮನುಷ್ಯನ ಕೈ ಎಷ್ಟು ಎಂದು ಕೇಳದೆ ಪುಸ್ತಕ ಓದಿದರೆ ಕಾಡೂ ತಿಳಿಯುವುದಿಲ್ಲ, ನಾಯಿಯೂ ತಿಳಿಯುವುದಿಲ್ಲ. ನಮ್ಮ ಸಾಹಿತ್ಯ ನಾಯಿಗಳ ನಿಷ್ಠೆಗಾಗಿ ಧಾರಾಳವಾಗಿ ಅತ್ತಿದೆ. 'ಮಲೆಗಳಲ್ಲಿ ಮದುಮಗಳು' ಓದಿ ತುಂಗೆಯ ಪಾಲಾದ ಗುತ್ತಿಯ ಹುಲಿಯನಿಗಾಗಿ ಕಣ್ಣೀರಿಡದವರು ಯಾರು? ಆದರೆ ನಾಯಿಯ ಕಸುಬಿನ ಬಗ್ಗೆ, ಅದರ ಕಲಿಕೆಯ ಬಗ್ಗೆ ಕುತೂಹಲ ಇಟ್ಟುಕೊಂಡವರು ಕಡಿಮೆ.

ಈಗ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ಎತ್ತುವವರು ನನಗಿಂತ ಬುದ್ಧಿವಂತರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯೊಂದಿಗೆ ಶಿಕಾರಿಯ ಲೈಸೆನ್ಸ್ ಎಂಬುದೇ ಇಲ್ಲವಾಯಿತು. ನಾಯಿ ಬಿಟ್ಟು ಮೊಲ ಹಿಡಿಸಿದರೂ ಅದು ಶಿಕಾರಿಯೇ, ಅಪರಾಧವೇ. ಹಾಗಿರುವಾಗ ಕೋವಿನಾಯಿಗೆ ಕೋವಿಯ ಶಿಸ್ತು ಯಾಕೆ? ಚೆಂಡಾಡಿಕೊಂಡು ಇರಲಿ ಬಿಡಿ.

ಕಾನೂನಿನ ಬಗ್ಗೆ ನನಗೆ ಎರಡು ಮಾತಿಲ್ಲ. ಕೋವಿ ಗೋಡೆಗೆ ಏರಿದ್ದು ಒಳ್ಳೆಯದೇ ಆಯಿತು. ಆದರೆ ಕೋವಿ ಹೋದ ಮಾತ್ರಕ್ಕೆ ನಾಯಿಯ ಮೂಗು, ಬಾಯಿ, ಕಾಲುಗಳು ಹೋಗಲಿಲ್ಲ. ಕಾಡುಕೋಳಿ ತೋಟದೊಳಗೇ ಇದೆ, ಅದು ಬುರ್ರೆಂದರೆ ಮರಿ ಹಿಂದೆ ಬೀಳುತ್ತದೆ. ಮುಂದೆ ಏನೇನಿದೆ ಎಂದು ಮರಿಗೆ ಗೊತ್ತಿಲ್ಲ. ನಮಗೆ ಗೊತ್ತಿದೆ.

ಆನೆ ಇದೆ. ಆಳೆತ್ತರದ ಕಾಫಿ ಗಿಡಗಳ ನಡುವೆ, ಹಗಲು ಹೊತ್ತಿನಲ್ಲಿ, ಬಂಡೆಯಂತೆ ನಿಂತಿರುತ್ತದೆ. ಹತ್ತು ಮಾರು ದೂರಕ್ಕೆ ಬರುವವರೆಗೂ ಮನುಷ್ಯನಿಗೆ ತಿಳಿಯುವುದಿಲ್ಲ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲೂಕಿನ ಕುಂದೂರಿನ ಬಳಿ ಆನೆಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತಾಗ ಊರವರ ಸಿಟ್ಟು ಶಾಸಕರ ಮೈಮೇಲೆ ಬೀಳುವ ಮಟ್ಟಕ್ಕೆ ಹೋಗಿದ್ದು ನಿಮಗೆ ನೆನಪಿರಬಹುದು. ಇಂಥ ಕಡೆ ಬಿಟ್ಟ ನಾಯಿ ಏನು ಮಾಡುತ್ತದೆ? ಹೋಗಿ ಆನೆಗೆ ಬೊಗಳುತ್ತದೆ. ಆನೆ ತಿರುಗಿಬಿದ್ದ ಕೂಡಲೇ ಹೆದರಿ ಓಡುತ್ತದೆ. ಎಲ್ಲಿಗೆ? ಒಡೆಯನ ಬಳಿಗೆ. ಹಿಂದಿನಿಂದ ಆನೆಯೂ ಬರುತ್ತದೆ. ಎಸೆದ ಚೆಂಡನ್ನು ಒಂದು ದಿನವೂ ತಂದುಕೊಡದ ನಾಯಿ ಆನೆಯನ್ನು ಮಾತ್ರ ತಪ್ಪದೆ ತಂದುಕೊಡುತ್ತದೆ. ಕೇಳಲಿಕ್ಕೆ ತಮಾಷೆಯಾಗಿದೆ. ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ಕೇಳಿ. ಅವರು ಕಾಡಿಗಿಂತ ಹೆಚ್ಚು ಹೆದರುವುದು ಸಾಹುಕಾರರ ಬಿಟ್ಟ ನಾಯಿಗೆ.

ಉರುಳಿದೆ. ಹಳೆಯ ಬೈಕಿನ ಕ್ಲಚ್ ವಯರಿನಿಂದ ಬೇಲಿಯ ಸಂದಿಯಲ್ಲಿ ಹಂದಿಗೆಂದು ಕಟ್ಟಿದ್ದು. ಕುತ್ತಿಗೆಗೆ ಬಿದ್ದಾಗ ನಿಂತು ಕಾಯಲು ಕಲಿತ ನಾಯಿ ಬದುಕುವ ಸಂಭವ ಇದೆ; ಎಳೆದಾಡುವ ನಾಯಿ ತನ್ನ ಉರುಳನ್ನು ತಾನೇ ಬಿಗಿದುಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸಿಡಿಮದ್ದಿನ ಉಂಡೆ. ಹಂದಿಗೆ ಇಷ್ಟವಾದ ವಾಸನೆಯ ತಿನಿಸಿನೊಳಗೆ ಮದ್ದು ಇಟ್ಟು ಸುತ್ತಿ ಗದ್ದೆಯ ಬದುವಿನಲ್ಲೋ ತೋಟದಂಚಿನಲ್ಲೋ ಎಸೆದಿರುತ್ತಾರೆ. ಕಚ್ಚಿದರೆ ಸಿಡಿಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಇಂಥದ್ದಕ್ಕೆ ಬಾಯಿ ಹಾಕಿ ನೀರಲ್ಲಿ ನಿಂತೇ ಸತ್ತಾಗ ದೇಶವೇ ಮರುಗಿತು. ನಾಯಿ, ದನಗಳ ದವಡೆ ಹಾರಿದ್ದು ತಾಲೂಕಿನ ಪತ್ರಿಕೆಯಲ್ಲೂ ಬರುವುದಿಲ್ಲ. ನಮ್ಮ ಸುತ್ತಿನಲ್ಲಿ ಹಾಗಾದ ಒಂದು ನಾಯಿಯನ್ನು ನಾನು ನೋಡಿದ್ದೇನೆ. ಅದರ ವರ್ಣನೆ ಬೇಡ. ಇಷ್ಟು ಮಾತ್ರ ಹೇಳುತ್ತೇನೆ: ಅದು ಒಳ್ಳೆಯ ಜಾತಿಯ ಮರಿ, ನೆಲದ ಮೇಲೆ ಏನು ಕಂಡರೂ ಬಾಯಲ್ಲಿ ಎತ್ತಿಕೊಂಡು ಮನೆಗೆ ತರುತ್ತಿತ್ತು. ಮನೆಯವರು ಅದಕ್ಕಾಗಿ ಅದನ್ನು ಬಹಳ ಹೊಗಳುತ್ತಿದ್ದರು.

ತರುವ ಜಾತಿಯ ನಾಯಿಗೆ ಬಾಯಿಯೇ ಕೈ. ಹಾಗಾಗಿ ಅದಕ್ಕೆ ಮೊದಲು ಕಲಿಸಬೇಕಾದ್ದು, ನೆಲಕ್ಕೆ ಬಿದ್ದದ್ದೆಲ್ಲ ನಿನ್ನದಲ್ಲ ಎಂಬುದನ್ನು. ಕಳಿಸಿದ್ದಕ್ಕೆ ಮಾತ್ರ ಹೋಗು, ಹೇಳಿದ್ದನ್ನು ಮಾತ್ರ ಎತ್ತು, ಸೀಟಿ ಕೇಳಿದರೆ ಇದ್ದಲ್ಲೇ ಕೂರು. ಇಂಗ್ಲಿಷರ ಕೋವಿನಾಯಿಯ ಶಿಸ್ತು ಎಂದರೆ ಇದೇ. ಅವರಿಗೆ ಅದು ಭಾನುವಾರದ ಶೋಕಿಯಾಗಿದ್ದೀತು. ಹೇಮಾವತಿ ಹುಟ್ಟುವ ಈ ಕಣಿವೆಯಲ್ಲಿ ಅದು ನಾಯಿಯ ಜೀವದ ಪ್ರಶ್ನೆ, ಕೆಲವೊಮ್ಮೆ ನಮ್ಮದೂ.

ಇನ್ನು ಕಲಿಸುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆ ಸಲಹೆ ಕೊಡುವವರೆಲ್ಲ ಓಡಿಬಿಡುವ ಜಾಗ ಇದು. ನಮ್ಮಲ್ಲಿರುವ ಕರಿಯ ಲ್ಯಾಬ್ರಡಾರ್ ಬೆಂಗಳೂರಿನ ಫ್ಲಾಟಿನಿಂದ ಬಂದವಳು. ನೆಂಟರೊಬ್ಬರಿಗೆ ಹನ್ನೊಂದು ತಿಂಗಳಿಗೇ ಅವಳು ಸಾಕಾಗಿ ಹೋಗಿದ್ದಳು. ಚೆಂಡೆಸೆಯುವುದಕ್ಕೆಂದು ಪ್ಲಾಸ್ಟಿಕ್ಕಿನ ಉದ್ದ ಕೋಲೊಂದು ಸಿಗುತ್ತದೆ; ಅದರಿಂದ ಸಂಜೆಗೆ ನೂರಾರು ಸಲ ಎಸೆದು, ಸುಸ್ತಾದರೆ ಸುಮ್ಮನಾಗುತ್ತಾಳೆ ಎಂದು ಅವರು ನಂಬಿದ್ದರು. ಸುಸ್ತಾಗಲಿಲ್ಲ. ದಿನದಿಂದ ದಿನಕ್ಕೆ ಅವಳ ದಮ್ಮು ಹೆಚ್ಚುತ್ತ ಹೋಯಿತು. ಬೆಳೆಯುವ ಕೀಲುಗಳಿಗೂ ಅದು ಒಳ್ಳೆಯದಲ್ಲ. ಅವರು ಇಟ್ಟ ಹೆಸರು ಮಿಂಚು. ಆ ಹೆಸರಿಗೆ ತಕ್ಕಂತೆಯೇ ಅವಳನ್ನು ಮಾಡಿ ಕಳಿಸಿದ್ದರು.

ಗಮನಿಸಬೇಕಾದ್ದು ಒಂದು ಸಣ್ಣ ಲೆಕ್ಕ. ಇಂಥ ನಾಯಿಗೆ ಬಿಸ್ಕತ್ತು ಸಂಬಳವಲ್ಲ, ಓಟವೇ ಸಂಬಳ. ಅದು ಹಾರಿ ಬೊಗಳುತ್ತಿರುವಾಗ ನೀವು ಚೆಂಡೆಸೆದಿರಿ ಎಂದರೆ ಹಾರಿದ್ದಕ್ಕೂ ಬೊಗಳಿದ್ದಕ್ಕೂ ಕೂಲಿ ಬಟವಾಡೆ ಮಾಡಿದಂತೆ. ಕಾಫಿ ಕುಯ್ಲಿನಲ್ಲಿ ಕೆಜಿ ಲೆಕ್ಕಕ್ಕೆ ಕೂಲಿ ಕೊಟ್ಟು ನೋಡಿ, ಹಣ್ಣಿನ ಜೊತೆ ಕಾಯೂ ಎಲೆಯೂ ಚೀಲಕ್ಕೆ ಬೀಳುತ್ತದೆ. ಯಾವುದಕ್ಕೆ ದುಡ್ಡೋ ಅದು ಹೆಚ್ಚುತ್ತದೆ. ಹಣ್ಣು ಮಾತ್ರ ಬೇಕಿದ್ದರೆ ಹಣ್ಣಿಗೆ ಮಾತ್ರ ಕೊಡಬೇಕು.

ಹಾಗಾಗಿ ಮೊದಲ ಮೂರು ವಾರ ಅವಳಿಗೆ ಓಟವೇ ಇರಲಿಲ್ಲ. ಹಳೆಯ ಕಾಲುಚೀಲಕ್ಕೆ ತೆಂಗಿನ ನಾರು ತುಂಬಿ, ಮೇಲೆ ಗೋಣಿ ಹೊಲಿದು, ಸುಮಾರು ಅರ್ಧ ಕೆಜಿಯ ಡಮ್ಮಿಯೊಂದನ್ನು ಮಾಡಿಕೊಂಡೆ. ಕಾಫಿ ಒಣಗಿಸುವ ಕಣದಲ್ಲಿ ಅವಳನ್ನು ಹಗ್ಗ ಹಾಕಿ ಕೂರಿಸಿ ನಾಲ್ಕು ಹೆಜ್ಜೆ ಆಚೆ ಡಮ್ಮಿ ಹಾಕುವುದು, ಮತ್ತೆ ನಾನೇ ನಡೆದುಹೋಗಿ ಎತ್ತಿಕೊಂಡು ಬರುವುದು. ಹತ್ತು ಸಲ ಹಾಕಿದರೆ ಹತ್ತು ಸಲವೂ ನಾನೇ. ಕಣದಾಚೆ ನಿಂತು ನೋಡುತ್ತಿದ್ದ ಆಳುಗಳಿಗೆ ಬಿಟ್ಟಿ ಮನರಂಜನೆ. ನಾಯಿ ಕೂತಿದೆ, ಯಜಮಾನರು ಓಡಾಡಿ ತರುತ್ತಿದ್ದಾರೆ. ನಗಲಿ. ಆ ನಗುವಿನೊಳಗೇ ಪಾಠವಿದೆ: ಬಿದ್ದದ್ದೆಲ್ಲ ತನ್ನದಲ್ಲ ಎಂದು ನಾಯಿಗೆ ಮೊದಲ ಬಾರಿ ಅನುಮಾನ ಬರುವುದು ಆಗಲೇ. ಆಮೇಲೆ ಹತ್ತರಲ್ಲಿ ಒಂದೋ ಎರಡೋ ಅವಳ ಪಾಲಿಗೆ. ಅದೂ ಯಾವಾಗ? ಡಮ್ಮಿಯಿಂದ ಕಣ್ಣು ಕಿತ್ತು ಒಂದು ಸಲ ನನ್ನ ಮುಖ ನೋಡಿದಾಗ. ಏದುಸಿರು ನಿಂತು ಬಾಯಿ ಮುಚ್ಚಿದಾಗ. ಆ ಒಂದು ಕ್ಷಣವನ್ನು ಹಿಡಿದು ಮೆಲ್ಲಗೆ ಹೆಸರು ಹೇಳಬೇಕು. ಕಿರುಚಬಾರದು; ಕಿರುಚಿದರೆ ಮತ್ತೆ ಅದೇ ಛೂ.

ಎಸೆಯದೇ ತರಿಸುವ ಒಂದು ಉಪಾಯವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾಫಿ ಸಾಲುಗಳ ನಡುವಿನ ದಾರಿಯಲ್ಲಿ ನಾಯಿಯ ಜೊತೆ ನಡೆಯುತ್ತ, ಅವಳು ನೋಡುತ್ತಿರುವಂತೆಯೇ ಡಮ್ಮಿಯನ್ನು ಸುಮ್ಮನೆ ಕೈಯಿಂದ ಜಾರಿಸಿ ಮುಂದೆ ಹೋಗುವುದು. ಇಪ್ಪತ್ತು ಹೆಜ್ಜೆ ಹೋಗಿ, ತಿರುಗಿ, ಕೂರಿಸಿ, ಉಸಿರಾಡಲು ಬಿಟ್ಟು, ಆಮೇಲೆ ಕಳಿಸುವುದು. ಹಾರುವ ವಸ್ತುವಿಲ್ಲದ್ದರಿಂದ ಹುಚ್ಚು ಏರುವುದಿಲ್ಲ. ಆದರೆ ನೆನಪು ಕೆಲಸ ಮಾಡುತ್ತದೆ. ಇಪ್ಪತ್ತು ಹೆಜ್ಜೆ ನಲವತ್ತಾಗುತ್ತದೆ, ನೂರಾಗುತ್ತದೆ, ದಾರಿಯ ತಿರುವಿನಾಚೆ ಕಣ್ಣಿಗೆ ಕಾಣದ ಜಾಗವಾಗುತ್ತದೆ. ಓಡುವ ನಾಯಿಗಿಂತ ನೆನೆಯುವ ನಾಯಿ ನೋಡಲು ಎಷ್ಟು ಚೆನ್ನ ಎನ್ನುವುದು ಒಮ್ಮೆ ನೋಡಿದವರಿಗೆ ಗೊತ್ತು. ಕಿವಿ ಹಿಂದಕ್ಕೆ ಹೋಗುತ್ತದೆ, ಹಣೆಯಲ್ಲಿ ಒಂದು ಗೆರೆ ಮೂಡುತ್ತದೆ.

ತಂದಾಗ ಕೈ ಚಾಚಿ ಕಿತ್ತುಕೊಳ್ಳುವುದು ನಮ್ಮವರ ಇನ್ನೊಂದು ದೊಡ್ಡ ಅಭ್ಯಾಸ. ಕಿತ್ತುಕೊಂಡಷ್ಟೂ ನಾಯಿ ಹಲ್ಲು ಬಿಗಿ ಮಾಡುತ್ತದೆ, ಇಲ್ಲವೇ ದೂರ ನಿಂತು ಆಟವಾಡಿಸುತ್ತದೆ. ಅಟ್ಟಿಸಿಕೊಂಡು ಹೋದಿರೋ, ಮುಗಿಯಿತು. ನಾಲ್ಕು ಕಾಲಿನದೇ ಯಾವಾಗಲೂ ಗೆಲ್ಲುವುದು. ಬೆನ್ನು ತಿರುಗಿಸಿ ನಡೆದುಬಿಡಿ. ಇಲ್ಲವೇ ಕುಕ್ಕರುಗಾಲಿನಲ್ಲಿ ಕೂತುಬಿಡಿ. ಬಂದ ಮೇಲೆ ಡಮ್ಮಿ ಮುಟ್ಟಬೇಡಿ, ಎದೆ ಸವರಿ, ಹಿಡಿದುಕೊಂಡೇ ಇರಲಿ. ತಾನು ತಂದದ್ದನ್ನು ಯಾರೂ ಕಸಿಯುವುದಿಲ್ಲ ಎಂದು ಗಟ್ಟಿಯಾದ ಮೇಲೆ ಅದೇ ಕೈಗೆ ಕೊಡುತ್ತದೆ.

ದಿನಕ್ಕೆ ಮೂರೋ ನಾಲ್ಕೋ ಸಲ ತಂದರೆ ಸಾಕು. ಸಾಲದು ಎನಿಸಿದಾಗಲೇ ನಿಲ್ಲಿಸುವುದು. ಮಳೆಗಾಲದಲ್ಲಿ ಪಾಠ ಜಗುಲಿಗೆ ಸೇರುತ್ತದೆ. ಜುಲೈಯಲ್ಲಿ ನಾಯಿಯನ್ನು ಹುಲ್ಲಿಗೆ ಬಿಟ್ಟರೆ ಇಂಬಳ ಕಾಲಿಗಲ್ಲ, ನೇರ ಮೂಗಿಗೇ ಹತ್ತುತ್ತದೆ. ಮಿಂಚು ಸುಮ್ಮನೆ ಕೂತು, ಕಳಿಸಿದಾಗ ಹೋಗಿ, ಕೈಗೆ ತಂದುಕೊಡುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಕಾಡುಕೋಳಿ ಎದ್ದಾಗ ಸೀಟಿಗೆ ಕೂರಲು ಇನ್ನೆರಡು ತಿಂಗಳು.

ಇದಕ್ಕೆಲ್ಲ ಅಡ್ಡದಾರಿ ಇಲ್ಲವೇ ಎಂದು ಕೇಳುವವರು ಬೆತ್ತ ಹಿಡಿದೇ ಬರುತ್ತಾರೆ. ಈಗ ಬೆತ್ತದ ಬದಲು ಕರೆಂಟಿನ ಪಟ್ಟಿ ಬಂದಿದೆ, ಆನ್‌ಲೈನಿನಲ್ಲಿ ಸಿಗುತ್ತದೆ, ಗುಂಡಿ ಒತ್ತಿದರೆ ಕುತ್ತಿಗೆಗೆ ಶಾಕ್. ಸೋಜಿಗವೆಂದರೆ ಇವರೂ ಆ ಚೆಂಡೆಸೆಯುವವರೂ ಹೆಚ್ಚಾಗಿ ಒಬ್ಬರೇ. ಬೆಳಿಗ್ಗೆ ಹುಚ್ಚೆಬ್ಬಿಸುತ್ತಾರೆ, ಸಂಜೆ ಹುಚ್ಚಿಗೆ ಹೊಡೆಯುತ್ತಾರೆ. ಹೊಡೆತ ತಿಂದು ಕೂತ ನಾಯಿ ಕಾಯುತ್ತಿರುವುದಿಲ್ಲ, ಹೆದರಿರುತ್ತದೆ. ಎರಡಕ್ಕೂ ಮೈ ಬೇರೆಯಾಗಿ ನಿಲ್ಲುತ್ತದೆ. ಬಾಲ ನೋಡಿದರೆ ಸಾಕು. ಇವರ ಬಗ್ಗೆ ಹೆಚ್ಚು ಬರೆಯುವ ಆಸೆ ನನಗಿಲ್ಲ.

ನನಗೆ ವಾದ ಬೇಕಿರುವುದು ಆ ವಿದ್ಯಾರ್ಥಿಯ ಜೊತೆ. ಕಾಯಿಸುವುದೆಂದರೆ ಗುಲಾಮಗಿರಿ, ಕಲಿಸುವುದೆಂದರೆ ದಬ್ಬಾಳಿಕೆ ಎನ್ನುವುದು ಇವತ್ತಿನ ಓದಿದವರಲ್ಲಿ ಬಹಳ ಚಲಾವಣೆಯಲ್ಲಿರುವ ಮಾತು. ಕೇಳಲು ಉದಾರವಾಗಿಯೂ ಇದೆ. ಆದರೆ ಚೆಂಡು ಕಂಡರೆ ಓಡದೇ ಇರಲಾಗದ ಪ್ರಾಣಿಗೆ ಯಾವ ಸ್ವಾತಂತ್ರ್ಯವಿದೆ? ಅದರ ಕಾಲು ಚೆಂಡಿನ ಕೈಯಲ್ಲಿದೆ. ಮಿಂಚು ಬಂದ ಹೊಸದರಲ್ಲಿ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಗೋಡೆಯ ಮೇಲೆ ಟಾರ್ಚಿನ ಬೆಳಕು ಆಡಿದರೂ ಹಾರುತ್ತಿದ್ದಳು, ತಟ್ಟೆಯ ಅನ್ನ ಅರ್ಧಕ್ಕೆ ಬಿಟ್ಟು ಬಾಗಿಲು ಕೆರೆಯುತ್ತಿದ್ದಳು. ಅದನ್ನು ಸಂತೋಷ ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಈಗ ಅವಳನ್ನು ತೋಟದಲ್ಲಿ ಹಗ್ಗವಿಲ್ಲದೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಸುತ್ತಿನ 'ಚುರುಕು' ನಾಯಿಗಳೆಲ್ಲ ಹಗಲಿಡೀ ಸರಪಳಿಯಲ್ಲಿವೆ. ಇನ್ನೇನು ಮಾಡುತ್ತಾರೆ? ಬಿಟ್ಟರೆ ಬರುವುದಿಲ್ಲವಲ್ಲ. ಪ್ರಕೃತಿಯಲ್ಲಿ ಹೇಗಿರಬೇಕೋ ಹಾಗೆ ಇರಲಿ ಎಂದು ಬೆಳೆಸಿದ ನಾಯಿಯ ಕೊನೆಯ ವಿಳಾಸ ಆರು ಅಡಿ ಚೈನು.

ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ಹುಲಿಯ ಜಾಡು ಹಿಡಿದು ಹೆಸರು ಮಾಡಿತ್ತು. ಪೊಲೀಸರ ಬಾಂಬ್ ಪತ್ತೆದಳದಲ್ಲಿ ಲ್ಯಾಬ್ರಡಾರ್‌ಗಳಿವೆ. ಅವುಗಳ ಕೆಲಸ ಯೋಚಿಸಿ: ಸ್ಫೋಟಕ ಸಿಕ್ಕಿದಾಗ ಕೂರಬೇಕು. ಮುಟ್ಟದೆ, ಕೆರೆಯದೆ, ಬೊಗಳದೆ, ಸುಮ್ಮನೆ ಕೂರಬೇಕು. ನಮ್ಮ ತೋಟದಂಚಿನಲ್ಲಿ ಬಿದ್ದಿರುವ ಉಂಡೆಯ ಮುಂದೆ ನಿಮ್ಮ ಮನೆಯ ಚುರುಕು ಮರಿ ಏನು ಮಾಡೀತು?

ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಎಲ್ಲ ಮರಿಗಳಿಗೂ ಈ ಮದ್ದಲ್ಲ. ಕೆಲವು ಮರಿಗಳು ಮೆತ್ತಗಿರುತ್ತವೆ, ಅಂಜುತ್ತವೆ, ಎಸೆದದ್ದನ್ನು ನೋಡಿ ಮುಖ ತಿರುಗಿಸುತ್ತವೆ. ಅಂಥವನ್ನು ಆರಂಭದಲ್ಲೇ ಕೂರಿಸಿ ಕಾಯಿಸಿದರೆ ಇದ್ದ ಆಸೆಯೂ ಇಂಗಿಹೋಗುತ್ತದೆ. ಅವಕ್ಕೆ ಮೊದಲು ಓಡಲು ಬಿಡಬೇಕು, ತಂದದ್ದಕ್ಕೆಲ್ಲ ಹೊಗಳಬೇಕು, ಶಿಸ್ತು ಆಮೇಲೆ. ಮರಿಯ ಉತ್ಸಾಹ ನನಗೆ ಬೇಡವಾದದ್ದಲ್ಲ. ಉತ್ಸಾಹವಿಲ್ಲದ ನಾಯಿಗೆ ಯಾರೂ ಏನನ್ನೂ ಕಲಿಸಲಾರರು. ಹೇಮಾವತಿ ಜಾವಳಿಯಲ್ಲಿ ಹುಟ್ಟುತ್ತಾಳೆ ನಿಜ, ಗದ್ದೆಗೆ ನೀರಾಗಿ ಒದಗುವುದು ಗೊರೂರಿನ ಅಣೆಕಟ್ಟೆ ದಾಟಿದ ಮೇಲೆ. ಕಟ್ಟೆ ಕಟ್ಟಲು ಮೊದಲು ಹೊಳೆ ಇರಬೇಕು, ಅದೂ ನಿಜ. ನಮ್ಮ ಅಂಗಳಗಳಲ್ಲಿ ಹೊಳೆಗೇನೂ ಕೊರತೆ ಕಾಣುತ್ತಿಲ್ಲ.

ನೆರೆಯ ತೋಟದ ಯಜಮಾನರು ಇದನ್ನು ಒಪ್ಪುವುದಿಲ್ಲ. ಇಷ್ಟೆಲ್ಲ ಮಾಡಿದರೆ ಮರಿ ಮಂಕಾಗುತ್ತದೆ ಎನ್ನುತ್ತಾರೆ. ಅವರಲ್ಲೊಂದು ಹಳದಿ ಲ್ಯಾಬ್ರಡಾರ್ ಇದೆ, ಎಂಟು ತಿಂಗಳಿನದು, ಕಣ್ಣು ಬಹಳ ಚೆನ್ನಾಗಿದೆ. ಈ ಸಲ ಅರೇಬಿಕಾ ಕುಯ್ಲಿಗೆ ಮೊದಲು, ನಮ್ಮ ಕಣ ಖಾಲಿ ಇರುವಾಗ, ಅದನ್ನು ಒಂದು ತಿಂಗಳು ಇಲ್ಲಿಗೆ ಕಳಿಸಿಕೊಡಿ ಎಂದು ಹೇಳಿದ್ದೇನೆ. ಹಾಸಿಗೆ, ತಟ್ಟೆ, ಹಗ್ಗ ಎಲ್ಲ ಕಳಿಸಲಿ. ಚೆಂಡು ಮಾತ್ರ ಅವರ ಮನೆಯಲ್ಲೇ ಇರಲಿ.